ಸೂಕ್ಷ್ಮನಾಳಗಳ ಪಾಠವನ್ನು ಎರಡು ಔಷಧಿಗಳಿಂದ ಆರಂಭಿಸಿದ ಅನುಭವ

ರಾಯಚೂರಿನ ವೈದ್ಯಕೀಯ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಜೀವರಸಾಯನಶಾಸ್ತ್ರ ಕಲಿಸುವ ನಾನು, ನರಕೋಶದ ಸೂಕ್ಷ್ಮನಾಳಗಳ (ಕೋಶದೊಳಗೆ ಆಧಾರವೂ ಸಾಗಣೆಯ ದಾರಿಯೂ ಆದ ಪ್ರೋಟೀನು ಕೊಳವೆಗಳು, ಮೈಕ್ರೋಟ್ಯೂಬ್ಯೂಲ್) ಪಾಠವನ್ನು ಅವುಗಳ ರಚನೆಯಿಂದ ಆರಂಭಿಸುವುದಿಲ್ಲ, ಕ್ಯಾನ್ಸರ್ ಚಿಕಿತ್ಸೆಯ ಎರಡು ಔಷಧಿಗಳಿಂದ ಆರಂಭಿಸುತ್ತೇನೆ. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ದೊರೆಯುವ ವಿನ್‌ಕ್ರಿಸ್ಟಿನ್, ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್, ಕಟ್ಟಿಕೊಂಡವು ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ. ಎರಡರ ಕೆಲಸ ತದ್ವಿರುದ್ಧ. ಆದರೂ ಯಾವುದನ್ನು ಕೊಟ್ಟರೂ ಹಲವು ರೋಗಿಗಳ ಕಾಲ್ಬೆರಳುಗಳಲ್ಲಿ ಜೋಮು ಕಾಣಿಸಿಕೊಳ್ಳುತ್ತದೆ.

"ನಾಳ ಗಟ್ಟಿ ಇದ್ದಷ್ಟೂ ನರಕ್ಕ ಚಲೋ ಅಲ್ಲೇನ್ರಿ ಸರ್?" ಎಂದು ಲಿಂಗಸೂಗೂರು ಕಡೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಇಡೀ ಪಾಠ ಈ ಪ್ರಶ್ನೆಯ ಸುತ್ತಲೇ ನಡೆಯಬೇಕೆಂಬುದು ನನ್ನ ನಿಲುವು.

ರಚನೆಯನ್ನು ಬೇಗ ಮುಗಿಸುತ್ತೇನೆ: ಆಲ್ಫಾ ಮತ್ತು ಬೀಟಾ ಟ್ಯೂಬ್ಯುಲಿನ್ ಎಂಬ ಪ್ರೋಟೀನುಗಳ ಜೋಡಿಗಳು ಸಾಲುಗಟ್ಟಿ, ಸಾಮಾನ್ಯವಾಗಿ ಅಂತಹ 13 ಸಾಲುಗಳು ಸೇರಿ ಸುಮಾರು 25 ನ್ಯಾನೋಮೀಟರ್ ವ್ಯಾಸದ ನಾಳವಾಗುತ್ತದೆ. ನಿಧಾನಿಸಬೇಕಾದದ್ದು ತುದಿಯಲ್ಲಿ. ಹೊಸದಾಗಿ ಸೇರಿದ ಜೋಡಿಗಳಲ್ಲಿ ಜಿಟಿಪಿ ಎಂಬ ಶಕ್ತಿಯುತ ಅಣು ಟೊಪ್ಪಿಗೆಯಂತೆ ಇರುವವರೆಗೆ ತುದಿ ಬೆಳೆಯುತ್ತದೆ. ಅದು ಒಂದು ಫಾಸ್ಫೇಟ್ ಕಳೆದುಕೊಂಡು ಜಿಡಿಪಿ ಎಂಬ ಅಣುವಾಗಿ ಬದಲಾಗಿ ಆ ಟೊಪ್ಪಿಗೆ ಕಳಚಿದರೆ ನಾಳ ಸರಸರನೆ ಕುಸಿಯುತ್ತದೆ. ಒಂದು ನಾಳ ಬೆಳೆಯುವಾಗಲೇ ಪಕ್ಕದ್ದು ಕುಸಿಯುತ್ತಿರುವ ಈ ಸ್ವಭಾವವನ್ನು 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ವಿವರಿಸಿದರು.

ನಿಯಂತ್ರಕ ಪ್ರೋಟೀನುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಬದಲು, ಪ್ರತಿಯೊಂದೂ ಎಲ್ಲಿ ಹಿಡಿಯುತ್ತದೆ ಎಂದು ಕೇಳುತ್ತೇನೆ. ಸ್ಟ್ಯಾತ್‌ಮಿನ್ ಬಿಡಿ ಜೋಡಿಗಳನ್ನು ಎರಡೆರಡಾಗಿ ಹಿಡಿದು ನಾಳ ಕಟ್ಟಲು ಸಿಗದಂತೆ ಮಾಡುತ್ತದೆ, ಅದಕ್ಕೆ ಫಾಸ್ಫೇಟ್ ಸೇರಿದರೆ ಹಿಡಿತ ಸಡಿಲವಾಗುತ್ತದೆ. ಇಬಿ ಗುಂಪಿನವು ಬೆಳೆಯುವ ತುದಿಯಲ್ಲಿ ಮಾತ್ರ ಸೇರಿಕೊಂಡು ಬೇರೆ ಪ್ರೋಟೀನುಗಳನ್ನೂ ಅಲ್ಲಿಗೆ ಕರೆಯುತ್ತವೆ. ಸ್ಪಾಸ್ಟಿನ್ ನಾಳವನ್ನೇ ಕತ್ತರಿಸುತ್ತದೆ. ಅದರ ಜೀನ್ ಕೆಟ್ಟರೆ ಕಾಲುಗಳು ಬಿಗಿದುಕೊಳ್ಳುವ ಆನುವಂಶಿಕ ಕಾಯಿಲೆ ಬರುತ್ತದೆ ಎಂದಾಗ, ಕತ್ತರಿಸುವುದೂ ಆರೋಗ್ಯಕ್ಕೆ ಬೇಕಾದ ಕೆಲಸವೇ ಎಂಬುದು ತರಗತಿಗೆ ಮನವರಿಕೆಯಾಗುತ್ತದೆ. ನಾಳದ ಮೈಗೆ ಅಂಟುವವುಗಳಲ್ಲಿ ಮ್ಯಾಪ್-2 ಮುಖ್ಯವಾಗಿ ನರಕೋಶದ ಸಂಕೇತ ಸ್ವೀಕರಿಸುವ ಕವಲುಗಳಾದ ಡೆಂಡ್ರೈಟುಗಳಲ್ಲಿ, ಟೌ ಮುಖ್ಯವಾಗಿ ಸಂಕೇತ ಒಯ್ಯುವ ಉದ್ದ ತಂತುವಾದ ಆಕ್ಸಾನಿನಲ್ಲಿ ಇರುತ್ತವೆ.

ಟೌ ಕುರಿತು ಹೆಚ್ಚು ಹೊತ್ತು ಮಾತನಾಡುತ್ತೇನೆ. 1975ರಲ್ಲಿ ಗುರುತಿಸಲಾದ ಈ ಪ್ರೋಟೀನನ್ನು ಪಠ್ಯಪುಸ್ತಕಗಳು ನಾಳವನ್ನು ಭದ್ರಪಡಿಸುವ ಅಂಟು ಎಂದಷ್ಟೇ ಹೇಳಿ ಮುಗಿಸುತ್ತವೆ. ಆದರೆ 2018ರಲ್ಲಿ ನರಕೋಶ ವಿಜ್ಞಾನಿ ಪೀಟರ್ ಬಾಸ್ ಅವರ ತಂಡ, ಆಕ್ಸಾನಿನಲ್ಲಿ ಟೌ ಕಡಿಮೆ ಮಾಡಿದಾಗ ನಾಳಗಳ ಅಸ್ಥಿರ ಭಾಗವೇ ಕುಗ್ಗುತ್ತದೆ, ಹಾಗಾಗಿ ಬೆಳೆಯುತ್ತ ಕುಸಿಯುತ್ತ ಇರುವ ಆ ಭಾಗವನ್ನು ಉದ್ದವಾಗಿ ಉಳಿಸುವುದೇ ಟೌನ ಕೆಲಸ ಎಂದು ವಾದಿಸಿತು. ಈ ಚರ್ಚೆ ಪರೀಕ್ಷೆಗೆ ಬಾರದಿದ್ದರೂ ಹೇಳಲೇಬೇಕು ಎಂದು ನಾನು ನಂಬಿದ್ದೇನೆ. ಆಲ್ಜೈಮರ್ ಕಾಯಿಲೆಯಲ್ಲಿ ಅತಿಯಾಗಿ ಫಾಸ್ಫೇಟ್ ಸೇರಿದ ಟೌ ಗಂಟುಗಟ್ಟುವುದರ ಪರಿಣಾಮವೇನೆಂದು ಯೋಚಿಸುವ ರೀತಿಯೇ ಇದರಿಂದ ಬದಲಾಗುತ್ತದೆ.

ಜೋಮು ಪಾದದಲ್ಲೇ ಏಕೆ ಮೊದಲಾಗುತ್ತದೆ ಎಂಬುದಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ ನೆನಪಿಸುತ್ತೇನೆ. ಮೇಲ್ಭಾಗದಲ್ಲಿ ಹರಿವು ತುಸು ತಗ್ಗಿದರೂ ಮೊದಲು ಒಣಗುವುದು ಮಾನ್ವಿ, ರಾಯಚೂರು ಕಡೆಯ ಕೊನೆ ಭಾಗದ ಗದ್ದೆಗಳೇ. ಬೆನ್ನುಹುರಿಯಿಂದ ಪಾದದವರೆಗಿನ ಆಕ್ಸಾನ್ ಸುಮಾರು ಒಂದು ಮೀಟರ್ ಉದ್ದ. ಕೋಶದ ಮುಖ್ಯ ಭಾಗದಿಂದ ಹೊರಟ ಟ್ಯೂಬ್ಯುಲಿನ್ ದಿನಕ್ಕೆ ಒಂದೆರಡು ಮಿಲಿಮೀಟರಿನಷ್ಟೇ ಸಾಗುವುದರಿಂದ ತುದಿ ತಲುಪಲು ವರ್ಷಕ್ಕೂ ಹೆಚ್ಚು ಬೇಕು.

ಕೊನೆಯ ತರಗತಿಯನ್ನು ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುವ ಎಎಲ್‌ಎಸ್ ಕಾಯಿಲೆಗೆ ಮೀಸಲಿಡುತ್ತೇನೆ. ಟಿಡಿಪಿ-43 ಎಂಬ ಪ್ರೋಟೀನು ಕೋಶಕೇಂದ್ರದಿಂದ ಮರೆಯಾದಾಗ ಸ್ಟ್ಯಾತ್‌ಮಿನ್-2ರ ಸಂದೇಶ ಆರ್‌ಎನ್‌ಎ (ಆ ಪ್ರೋಟೀನು ತಯಾರಿಸುವ ಸೂಚನೆ) ಅರ್ಧಕ್ಕೇ ತುಂಡಾಗುತ್ತದೆ ಎಂಬುದು 2019ರಲ್ಲಿ ಪ್ರಕಟವಾಯಿತು. ಸ್ಟ್ಯಾತ್‌ಮಿನ್ ಬಿಡಿ ಜೋಡಿಗಳನ್ನು ತಡೆಹಿಡಿಯುವ ಪ್ರೋಟೀನಾದರೆ, ಅದರ ಬಳಗದ್ದೇ ಆದ ಸ್ಟ್ಯಾತ್‌ಮಿನ್-2 ಇಲ್ಲವಾದಾಗ ಗಾಯಗೊಂಡ ಆಕ್ಸಾನ್ ಮತ್ತೆ ಬೆಳೆಯಲು ಸೋಲುವುದೇಕೆ ಎಂಬ ಪ್ರಶ್ನೆಯನ್ನು ಉತ್ತರ ಕೊಡದೆ ಹಲಗೆಯ ಮೇಲೆ ಬರೆದು ಮನೆಗೆ ಕಳುಹಿಸುತ್ತೇನೆ.