ಮೊದಲು ಬಾನೆಟ್, ಆಮೇಲೆ ಆಯಿಲ್: ಮನೆಯಂಗಳದಲ್ಲೇ ಕಾರಿನ ಸರ್ವಿಸ್

ಕಾರಿನ ಗ್ಲೋವ್ ಬಾಕ್ಸಿನಲ್ಲಿ, ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದ ಒಂದು ಪುಸ್ತಕ ಬಿದ್ದಿರುತ್ತದೆ. ಅದು ಮಾಲೀಕರ ಕೈಪಿಡಿ. ಪಾನಾ ಕೊಳ್ಳಲು ಹೊರಡುವ ಮೊದಲು ಒಂದು ಸಂಜೆ ಅದನ್ನು ಓದಿ. ಯಾವ ಆಯಿಲ್, ಎಷ್ಟು ಲೀಟರ್, ಚಕ್ರಕ್ಕೆ ಎಷ್ಟು ಗಾಳಿ, ಜಾಕ್ ಎಲ್ಲಿ ಕೊಡಬೇಕು, ಯಾವ ಫಿಲ್ಟರನ್ನು ಯಾವಾಗ ಬದಲಿಸಬೇಕು, ಎಲ್ಲವೂ ಅದರಲ್ಲಿದೆ. ವಿಡಿಯೊಗಳನ್ನೂ ನೋಡಿ, ಬೇಡವೆನ್ನುವುದಿಲ್ಲ. ಆದರೆ ಅವುಗಳಲ್ಲಿರುವುದು ನಿಮ್ಮ ಕಾರಲ್ಲ.

ಇದರಿಂದ ಹಣ ಉಳಿಯುತ್ತದೆಯೇ? ಉಳಿಯುತ್ತದೆ, ಆದರೆ ಮೊದಲ ವರ್ಷದ ಉಳಿತಾಯವೆಲ್ಲ ಉಪಕರಣಗಳಿಗೇ ಹೋಗುತ್ತದೆ. ದೊಡ್ಡ ಲಾಭವೆಂದರೆ ಗ್ಯಾರೇಜಿನ ಬಿಲ್ಲನ್ನು ಓದಲು ಬರುತ್ತದೆ. ಏರ್ ಫಿಲ್ಟರ್ ಬದಲಿಸಲು ಐದು ನಿಮಿಷ ಸಾಕೆಂದು ಕೈಯಾರೆ ಮಾಡಿದವರಿಗೆ ಗೊತ್ತು. ಬಿಲ್ಲಿನ ಕೊನೆಯಲ್ಲಿ ಬರುವ ‘ಡಿಕಾರ್ಬನೈಸಿಂಗ್’, ‘ಎ.ಸಿ. ಟ್ರೀಟ್‌ಮೆಂಟ್’ ಮುಂತಾದ ಸಾಲುಗಳು ಕೈಪಿಡಿಯ ಪಟ್ಟಿಯಲ್ಲಿ ಇವೆಯೇ ಎಂದು ಕೇಳುವ ಧೈರ್ಯವೂ ಅವರಿಗೇ ಬರುವುದು.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಆಯಿಲ್ ಬದಲಾವಣೆಯಂಥ ನಿಗದಿತ ಕೆಲಸಗಳನ್ನು ಕಂಪನಿಯ ಸರ್ವಿಸ್ ಕೇಂದ್ರದಲ್ಲೇ ಮಾಡಿಸಿ. ನಾಳೆ ಇಂಜಿನ್ ಕೈಕೊಟ್ಟರೆ ಸರ್ವಿಸ್ ದಾಖಲೆ ಕೇಳುತ್ತಾರೆ. ಈ ಲೇಖನ ಮುಖ್ಯವಾಗಿ ವಾರಂಟಿ ಮುಗಿದ ಸಣ್ಣ ಪೆಟ್ರೋಲ್ ಕಾರುಗಳ ಬಗ್ಗೆ. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಕಂಡರೆ ಮುಟ್ಟಲೇಬೇಡಿ, ಅವುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ.

ಮೊದಲ ಕೆಲವು ತಿಂಗಳು ಬಾನೆಟ್ ಸಾಕು

ಕಾರಿನ ಅಡಿಗೆ ಹೋಗುವ ಆತುರ ಬೇಡ. ತಿಂಗಳಿಗೊಮ್ಮೆ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಬಾನೆಟ್ ತೆರೆದು ನೋಡುವ ಅಭ್ಯಾಸದಿಂದ ಶುರು ಮಾಡಿ.

ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು, ಅಂದರೆ ಡಿಪ್ ಸ್ಟಿಕ್ಕನ್ನು, ಹೊರತೆಗೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾಗಿದ್ದ ಮಾತ್ರಕ್ಕೆ ಆಯಿಲ್ ಕೆಟ್ಟಿದೆ ಎಂದಲ್ಲ; ಇಂಜಿನ್ನಿನ ಮಸಿಯನ್ನು ತನ್ನೊಳಗೆ ಎಳೆದುಕೊಳ್ಳುವುದೂ ಅದರ ಕೆಲಸವೇ. ಆದರೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಕೂಲೆಂಟ್ (ಇಂಜಿನ್ನನ್ನು ತಣ್ಣಗಿಡುವ ದ್ರವ) ಸೇರಿರುವ ಸಾಧ್ಯತೆ ಇದೆ. ಕಾರನ್ನು ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಕರೆ ಮಾಡಿ.

ಕೂಲೆಂಟ್ ಮಟ್ಟವನ್ನು ಪಕ್ಕದ ಬಿಳಿ ಡಬ್ಬಿಯ ಗುರುತುಗಳಲ್ಲಿ ಹೊರಗಿನಿಂದಲೇ ನೋಡಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಡಿಮೆಯಾಗಿದ್ದರೆ ಕೈಪಿಡಿ ಹೇಳುವ ಕೂಲೆಂಟನ್ನೇ ಹಾಕಿ. ಬೋರ್‌ವೆಲ್ ನೀರು ಬೇಡ, ಸ್ನಾನದ ಗೀಸರಿನಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನೊಳಗೂ ಕಟ್ಟುತ್ತದೆ.

ಬ್ಯಾಟರಿ ಟರ್ಮಿನಲ್ಲುಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಂಡರೆ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ತಂತಿ ಬಿಚ್ಚಿ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ತೆಳುವಾಗಿ ವ್ಯಾಸಲಿನ್ ಸವರಿ. ಜೋಡಿಸುವಾಗ ಕ್ರಮ ತಿರುಗುಮುರುಗು: ನೆಗೆಟಿವ್ ಕೊನೆಗೆ. ಮಲ್ಟಿಮೀಟರ್ ಇದ್ದರೆ, ಇಂಜಿನ್ ಆಫ್ ಇರುವಾಗ ಸುಮಾರು 12.6 ವೋಲ್ಟ್, ಚಾಲೂ ಇರುವಾಗ ಸುಮಾರು 14 ವೋಲ್ಟ್ ತೋರಿಸಿದರೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಸಾಮಾನ್ಯವಾಗಿ ಸರಿಯಾಗಿವೆ ಎಂದರ್ಥ.

ಏರ್ ಫಿಲ್ಟರಿನ ಕಪ್ಪು ಪೆಟ್ಟಿಗೆಗೆ ಹೆಚ್ಚಿನ ಕಾರುಗಳಲ್ಲಿ ಕ್ಲಿಪ್‌ಗಳಷ್ಟೇ ಇರುತ್ತವೆ. ದಿನವೂ ಕಚ್ಚಾ ರಸ್ತೆಯಲ್ಲಿ ಓಡುವ ಕಾರಿನ ಫಿಲ್ಟರ್ ಕೈಪಿಡಿಯ ಅವಧಿಗಿಂತ ಬೇಗ ಕೆಂಪಾಗುತ್ತದೆ; ಬದಲಿಸಿ. ಎ.ಸಿ.ಯ ಕ್ಯಾಬಿನ್ ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ, ಅದಕ್ಕೂ ಉಪಕರಣ ಬೇಡ. ಬಾನೆಟ್ ಮುಚ್ಚುವ ಮೊದಲು ಮೂಲೆಗಳಲ್ಲಿ ಇಲಿಯ ಹಿಕ್ಕೆ, ಹರಿದ ಚಿಂದಿ, ಕಡಿದ ವೈರ್ ಇವೆಯೇ ನೋಡಿ. ತೋಟದ ಮನೆಯಿರಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇರಲಿ, ಕಾರಿನ ವೈರಿಂಗಿಗೆ ಇಲಿಗಿಂತ ದೊಡ್ಡ ಶತ್ರು ನಮ್ಮಲ್ಲಿಲ್ಲ.

ಚಕ್ರದ ಗಾಳಿಯ ಲೆಕ್ಕ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟಯರ್ ತಣ್ಣಗಿರುವಾಗ ಅಳೆಯಿರಿ, ಸ್ಟೆಪ್ನಿಯನ್ನು ಮರೆಯಬೇಡಿ. ಟಯರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಇಳಿದರೆ ಆ ಟಯರಿನ ಆಯಸ್ಸು ಮುಗಿದಂತೆ. ಮಳೆಗಾಲಕ್ಕೆ ಮೊದಲೇ, ಅಂದರೆ ಮೇ ತಿಂಗಳಲ್ಲೇ, ಇದನ್ನೂ ವೈಪರನ್ನೂ ನೋಡಿಕೊಳ್ಳಿ.

ಆಯಿಲ್ ಬದಲಿಸುವುದು

ಇಷ್ಟು ರೂಢಿಯಾದ ಮೇಲೆ ಆಯಿಲ್ಲಿಗೆ ಕೈ ಹಾಕಬಹುದು. ಸಾಮಾನ್ಯವಾಗಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಬೇಕಾದದ್ದು: ಆಯಿಲ್, ಆಯಿಲ್ ಫಿಲ್ಟರ್, ಹಳೆಯ ಆಯಿಲ್ ಹೊರಬಿಡುವ ಡ್ರೈನ್ ಬೋಲ್ಟಿನ ಹೊಸ ವಾಷರ್, ಸರಿಯಾದ ಅಳತೆಯ ರಿಂಗ್ ಸ್ಪ್ಯಾನರ್, ಫಿಲ್ಟರ್ ಬಿಚ್ಚುವ ಸಾಧನ, ಆಲಿಕೆ, ಅಗಲ ಬಾಯಿಯ ಟಬ್, ಕೈಗವಸು, ಎತ್ತಿದ ಕಾರಿನ ಭಾರ ಹೊರುವ ಒಂದು ಜೋಡಿ ಜಾಕ್ ಸ್ಟ್ಯಾಂಡ್. ಬಿಡಿಭಾಗಗಳಿಗೆ ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆಡೆ ಕಂಪನಿಯ ಅಧಿಕೃತ ಮಳಿಗೆಯಲ್ಲಿ ಕೊಂಡರೆ ನಕಲಿಯ ಭಯ ಕಡಿಮೆ.

ಆಯಿಲ್ ಆರಿಸುವಾಗ ‘ನಮ್ಮ ಬಿಸಿಲಿಗೆ ದಪ್ಪ ಆಯಿಲ್ಲೇ ಬೇಕು ಸರ್’ ಎಂಬ ಅಂಗಡಿಯ ಉಪದೇಶಕ್ಕೆ ಕಿವಿಗೊಡಬೇಡಿ. ಕೈಪಿಡಿಯಲ್ಲಿ ಆಯಿಲ್ಲಿನ ದಪ್ಪದ ದರ್ಜೆ 5ಡಬ್ಲ್ಯು-30 ಎಂದಿದ್ದರೆ ಅದನ್ನೇ ತನ್ನಿ. ಇಲ್ಲಿ ಮಾರುವ ಕಾರಿನ ಕಂಪನಿ ರಾಯಚೂರಿನ ಬೇಸಿಗೆಯನ್ನು ಮರೆತಿರುವುದಿಲ್ಲ. ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇರುವ ಬಿಎಸ್‌-6 ಡೀಸೆಲ್ ಕಾರಾದರೆ ಇನ್ನೂ ಎಚ್ಚರ ಬೇಕು. ಕಡಿಮೆ ಬೂದಿಯ ವಿಶೇಷ ಆಯಿಲ್ ಬಿಟ್ಟು ಬೇರೆಯದನ್ನು ಹಾಕಿದರೆ ಆ ದುಬಾರಿ ಸಾಧನ ಕಟ್ಟಿಕೊಳ್ಳುತ್ತದೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಐದು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ. ಉಗುರುಬೆಚ್ಚಗಿನ ಆಯಿಲ್ ಸಲೀಸಾಗಿ ಇಳಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಹಿಂದೆ ದಪ್ಪ ಮರದ ತುಂಡು ಇಡಿ. ಕೈಪಿಡಿ ತೋರಿಸುವ ಜಾಗದಲ್ಲೇ ಜಾಕ್ ಕೊಟ್ಟು ಮುಂಭಾಗ ಎತ್ತಿ, ಎರಡೂ ಕಡೆ ಸ್ಟ್ಯಾಂಡ್ ನಿಲ್ಲಿಸಿ, ಭಾರ ಅದರ ಮೇಲೆ ಇಳಿಸಿ. ಅಡಿಗೆ ಹೋಗುವ ಮೊದಲು ಕಾರನ್ನು ಬಲವಾಗಿ ಅಲುಗಾಡಿಸಿ ನೋಡಿ. ಕಾರಿನ ಜೊತೆ ಬಂದ ಜಾಕ್ ಚಕ್ರ ಬದಲಿಸಲು ಮಾತ್ರ. ಅದೊಂದರ ನಂಬಿಕೆಯ ಮೇಲೆ, ಅಥವಾ ಸಿಮೆಂಟ್ ಇಟ್ಟಿಗೆಗಳ ಮೇಲೆ ನಿಂತ ಕಾರಿನ ಅಡಿ ತಲೆ ಹಾಕಬೇಡಿ. ಈ ಕೆಲಸದಲ್ಲಿ ಜನ ಸತ್ತಿರುವುದು ಹೀಗೆಯೇ. ಸ್ಟ್ಯಾಂಡ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಬಾನೆಟ್ಟಿನ ಕೆಲಸಕ್ಕೇ ನಿಲ್ಲಿ, ಅದರಲ್ಲಿ ಅವಮಾನವೇನಿಲ್ಲ.

ಮೇಲಿನ ಆಯಿಲ್ ಮುಚ್ಚಳ ಮೊದಲು ಬಿಚ್ಚಿ. ಅಡಿಯಲ್ಲಿ ಆಯಿಲ್ ಚೇಂಬರಿನ ಡ್ರೈನ್ ಬೋಲ್ಟ್ ಹುಡುಕಿ. ಹೊಸಬರು ಎಡವುವುದು ಇಲ್ಲೇ: ಪಕ್ಕದಲ್ಲೇ ಗೇರ್ ಬಾಕ್ಸಿನ ಬೋಲ್ಟ್ ಕೂಡ ಇರುತ್ತದೆ. ಕಪ್ಪು ಆಯಿಲ್ ಬದಲು ತಿಳಿಯಾದ, ಘಾಟು ವಾಸನೆಯ ಆಯಿಲ್ ಬಂದರೆ ತಕ್ಷಣ ಮುಚ್ಚಿ. ಹರಿದುಹೋದ ಗೇರ್ ಆಯಿಲ್ ಮತ್ತೆ ತುಂಬುವವರೆಗೆ ಕಾರು ಓಡಿಸಬೇಡಿ. ಸರಿಯಾದ ಬೋಲ್ಟನ್ನು ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಿನಿಂದ ಮೇಲಕ್ಕೆ ಒತ್ತಿಕೊಂಡೇ ಬಿಚ್ಚಿ, ಟಕ್ಕನೆ ಕೈ ಹಿಂದೆಗೆಯಿರಿ. ಧಾರೆ ನೀವು ಎಣಿಸಿದ್ದಕ್ಕಿಂತ ದೂರ ಹಾರುತ್ತದೆ.

ಅದು ತೊಟ್ಟಿಕ್ಕುವಷ್ಟರಲ್ಲಿ ಫಿಲ್ಟರ್ ಬಿಚ್ಚಿ. ಹಳೆಯ ರಬ್ಬರ್ ಉಂಗುರ ಅದರ ಜೊತೆಗೇ ಬಂದಿದೆಯೇ ನೋಡಿ. ಅದು ಇಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತರೆ, ಇಂಜಿನ್ ಓಡುವಾಗ ಆಯಿಲ್ಲೆಲ್ಲ ರಸ್ತೆಗೆ. ಹೊಸ ಉಂಗುರಕ್ಕೆ ಹೊಸ ಆಯಿಲ್ ಸವರಿ, ಕೈಯಿಂದಲೇ ತಿರುಗಿಸಿ. ಉಂಗುರ ತಾಗಿದ ಮೇಲೆ ಇನ್ನು ಮುಕ್ಕಾಲು ಸುತ್ತು ಸಾಕು. ಡ್ರೈನ್ ಬೋಲ್ಟನ್ನು ಹೊಸ ವಾಷರಿನೊಂದಿಗೆ ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಅತಿಯಾಗಿ ಬಿಗಿದರೆ ಚೇಂಬರಿನ ಥ್ರೆಡ್ ಹೋಗುತ್ತದೆ, ಆಗ ಖರ್ಚು ವರ್ಷದ ಸರ್ವಿಸಿಗಿಂತ ಹೆಚ್ಚು.

ಕಾರನ್ನು ಕೆಳಗಿಳಿಸಿ, ಕೈಪಿಡಿಯ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ. ಮುಚ್ಚಳ ಹಾಕಿ ಅರ್ಧ ನಿಮಿಷ ಇಂಜಿನ್ ಓಡಿಸಿ. ಆಯಿಲ್ ದೀಪ ಆರಬೇಕು, ಅಡಿಯಲ್ಲಿ ಹನಿ ಇರಬಾರದು. ಆಫ್ ಮಾಡಿ ಐದು ನಿಮಿಷ ಬಿಟ್ಟು, ಡಿಪ್ ಸ್ಟಿಕ್ ನೋಡುತ್ತ ಸ್ವಲ್ಪ ಸ್ವಲ್ಪವಾಗಿ ಮೇಲಿನ ಗುರುತಿಗೆ ತನ್ನಿ. ಗುರುತು ದಾಟಿಸಬೇಡಿ, ಹೆಚ್ಚಾದ ಆಯಿಲ್ ನೊರೆಯಾಗಿ ಇಂಜಿನ್ನಿಗೇ ಕೆಡುಕು.

ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್, ಎ.ಸಿ. ಗ್ಯಾಸ್ ಇವು ಗ್ಯಾರೇಜಿಗೇ ಇರಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ ಎಂಬುದು ತಿಳಿದಿರಲಿ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ನೀವೇ ಕೇಳಿ ಮಾಡಿಸಿ.

ಉಳಿದದ್ದು ಟಬ್ಬಿನಲ್ಲಿರುವ ಹಳೆಯ ಆಯಿಲ್. ಹಳ್ಳಿಗಳಲ್ಲಿ ಗೆದ್ದಲು ಹಿಡಿಯದಿರಲೆಂದು ಇದನ್ನು ಮರದ ಕಂಬಗಳಿಗೆ ಬಳಿಯುವ ರೂಢಿ ಇದೆ, ಆದರೆ ಅದರಲ್ಲಿರುವ ಲೋಹದ ಅಂಶ ಮಣ್ಣಿಗೂ ಬಾವಿಗೂ ಇಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಆಯಿಲ್ಲೂ ಸೇರಿದೆ, ಚರಂಡಿಗೆ ಸುರಿಯುವಂತಿಲ್ಲ. ಹೊಸ ಆಯಿಲ್ ಬಂದ ಕ್ಯಾನಿಗೇ ಅದನ್ನು ತುಂಬಿ, ಹಳೆಯ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಬಸಿದು, ಎರಡನ್ನೂ ಸರ್ವಿಸ್ ಕೇಂದ್ರಕ್ಕೆ ಕೊಂಡೊಯ್ದು ಕೊಡಿ. ಮರುಬಳಕೆದಾರರಿಗೆ ಮಾರುವ ದೊಡ್ಡ ಪೀಪಾಯಿ ಅಲ್ಲಿರುತ್ತದೆ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ.