ಹುಬ್ಬಳ್ಳಿಯಿಂದ ಕಡಲಿಗೆ ಸೈಕಲ್ ಪ್ರವಾಸ: ಘಟ್ಟ ನೋಡಿ ದಾರಿ ಹಿಡಿಯಿರಿ

ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಕುಮಟಾ, ಅಂಕೋಲಾ, ಕಾರವಾರಗಳು ಕಡಲ ಮಗ್ಗುಲಲ್ಲೇ ಇವೆ. ಇಷ್ಟನ್ನೇ ಲೆಕ್ಕ ಹಾಕಿದವರಿಗೆ ಕರಾವಳಿಯ ಸೈಕಲ್ ಪ್ರವಾಸವೆಂದರೆ ಬರೀ ಇಳಿಜಾರು ಎನಿಸಬಹುದು. ನೀರಿನ ಮಟ್ಟಿಗೆ ಅದು ನಿಜ: ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಕೂಡಿಕೊಂಡು, ಗಂಗಾವಳಿಯೆಂಬ ಹೆಸರಿನಲ್ಲಿ ಅಂಕೋಲಾ ಮತ್ತು ಗೋಕರ್ಣಗಳ ನಡುವೆ ಸಮುದ್ರ ಸೇರುತ್ತದೆ. ಆದರೆ ರಸ್ತೆ ಹೊಳೆಯ ಜೊತೆಗೆ ಹರಿಯುವುದಿಲ್ಲ, ಹಳ್ಳಗಳನ್ನು ಅಡ್ಡ ದಾಟುತ್ತ ಹೋಗುತ್ತದೆ. ಪ್ರತಿಯೊಂದು ಹಳ್ಳಕ್ಕೂ ಒಂದು ಇಳಿತ, ಒಂದು ಏರು ಇರುತ್ತದೆ. ನಿಜವಾದ ಇಳಿಜಾರು ಸಿಗುವುದು ಘಟ್ಟದ ಅಂಚಿಗೆ ತಲುಪಿದ ಮೇಲೆ ಮಾತ್ರ. ಆದ್ದರಿಂದ ದಿನಕ್ಕೆ ಎಷ್ಟು ಕಿಲೋಮೀಟರ್ ಎಂಬುದಕ್ಕಿಂತ ಎಷ್ಟು ಏರು ಎಂಬುದನ್ನು ನೋಡಿ ಪ್ರವಾಸ ರೂಪಿಸಿಕೊಳ್ಳಬೇಕು.

ಮೊದಲು ತೀರ್ಮಾನಿಸಬೇಕಾದದ್ದು ಯಾವ ಘಟ್ಟ ಇಳಿಯಬೇಕೆಂಬುದನ್ನು. ನಮ್ಮ ಭಾಗದಿಂದ ಮುಖ್ಯವಾಗಿ ಮೂರು ದಾರಿಗಳಿವೆ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೂಲಕ ಅಂಕೋಲೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಎಲ್ಲಕ್ಕಿಂತ ನೇರವಾದದ್ದು. ಆದರೆ ಹಗಲಿರುಳು ಲಾರಿಗಳು ಓಡಾಡುವ ಆ ದಾರಿಯನ್ನು ಹೊಸಬರಿಗೆ ನಾನು ಸೂಚಿಸಲಾರೆ. ಅರಬೈಲಿನ ತಿರುವುಗಳಲ್ಲಿ ಭಾರದ ಲಾರಿಯ ಹಿಂದೆ ಇಳಿಯುವುದಾಗಲಿ, ಮುಂದೆ ಇಳಿಯುವುದಾಗಲಿ ಹಿತವಲ್ಲ. ಎರಡನೆಯದು ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೋಯಿಡಾ, ಅಣಶಿ ಘಟ್ಟ, ಕದ್ರಾ ಮಾರ್ಗವಾಗಿ ಕಾರವಾರ ಮುಟ್ಟುವ ದಾರಿ. ಸೊಬಗಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ದಾರಿ. ಅಂಗಡಿಗಳು ವಿರಳ, ಮೊಬೈಲ್ ಸಿಗ್ನಲ್ ಇನ್ನೂ ವಿರಳ, ಕತ್ತಲಾಗುವ ಮೊದಲೇ ಕಾಡು ದಾಟಿರಬೇಕು. ಅನುಭವವಿದ್ದು, ಜೊತೆಗೊಬ್ಬರು ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಮೊದಲ ಸಲ ಹೊರಡುವವರಿಗೆ ತಕ್ಕದ್ದು ಮೂರನೆಯ ದಾರಿ: ಹುಬ್ಬಳ್ಳಿಯಿಂದ ತಡಸ, ಮುಂಡಗೋಡ, ಶಿರಸಿ ಮೂಲಕ ದೇವಿಮನೆ ಘಟ್ಟ ಇಳಿದು ಕುಮಟಾ. ಶಿರಸಿಯವರೆಗೆ ಸುಮಾರು 100 ಕಿ.ಮೀ., ಅಲ್ಲಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ಆಗುತ್ತದೆ. ಊರುಗಳು ಹತ್ತಿರ ಹತ್ತಿರ ಇರುವುದರಿಂದ ಊಟ, ನೀರು, ಆಸ್ಪತ್ರೆ, ಬಸ್ಸು ಯಾವುದಕ್ಕೂ ತೀರಾ ತೊಂದರೆಯಾಗುವುದಿಲ್ಲ. ಹಾವೇರಿಯವರು ಹಾನಗಲ್ ಮಾರ್ಗವಾಗಿ ಬಂದು ಶಿರಸಿಯಲ್ಲಿ ಇದೇ ದಾರಿಗೆ ಸೇರಬಹುದು; ತಾರಕೇಶ್ವರ ಗುಡಿಯ ಕಲ್ಲಿನ ಕೆತ್ತನೆಗೆ ಒಂದು ತಾಸು ಮೀಸಲಿಟ್ಟರೆ ನಷ್ಟವೇನೂ ಇಲ್ಲ. ಗದಗಿನವರು ಹುಬ್ಬಳ್ಳಿಯವರೆಗಿನ ಹೆದ್ದಾರಿಯಲ್ಲಿ ಶಕ್ತಿ ಕಳೆಯದೆ, ಸೈಕಲ್ಲನ್ನು ವಾಹನದಲ್ಲಿ ತಂದು ಇಲ್ಲಿಂದಲೇ ತುಳಿಯಲು ಆರಂಭಿಸುವುದು ಒಳಿತು.

ಕಾಲ ನವೆಂಬರಿನಿಂದ ಫೆಬ್ರುವರಿಯವರೆಗೆ. ಈ ತಿಂಗಳುಗಳಲ್ಲಿ ಬಯಲಿನಲ್ಲಿ ಬೀಸುವ ಮೂಡಗಾಳಿ ಪಶ್ಚಿಮಕ್ಕೆ ಹೊರಟವರನ್ನು ಬೆನ್ನ ಹಿಂದಿನಿಂದ ನೂಕುತ್ತದೆ. ಮಾರ್ಚ್ ನಂತರ ಕರಾವಳಿಯ ಸೆಕೆ ನಮ್ಮ ಒಣ ಬಿಸಿಲಿಗೆ ಒಗ್ಗಿದ ಮೈಯನ್ನು ಬೇಗ ಹಣ್ಣುಮಾಡುತ್ತದೆ. ಮಳೆಗಾಲದಲ್ಲಿ ಘಟ್ಟದ ಹಸಿರು ಎಷ್ಟೇ ಕರೆದರೂ ಹೋಗಬಾರದು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರ ಜೀವ ಹೋದದ್ದನ್ನು ಈ ಭಾಗದವರು ಮರೆತಿಲ್ಲ. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲೀಕರಣದ ಕಾಮಗಾರಿಗಾಗಿಯೂ ಸಂಚಾರ ನಿಲ್ಲಿಸಿದ್ದುಂಟು. ಆದ್ದರಿಂದ ಯಾವ ತಿಂಗಳೇ ಇರಲಿ, ಹೊರಡುವ ಹಿಂದಿನ ದಿನ ಶಿರಸಿಯ ಬಸ್ ನಿಲ್ದಾಣಕ್ಕೆ ಕರೆ ಮಾಡಿ ಘಟ್ಟ ತೆರೆದಿದೆಯೇ ಎಂದು ಕೇಳಿಕೊಳ್ಳಿ.

ಇನ್ನು ಸೈಕಲ್. ದುಬಾರಿ ಸೈಕಲ್ ಬೇಕಿಲ್ಲ, ಏರಿಗೆ ಒಪ್ಪುವ ಗೇರ್ ಬೇಕು. ಗೇರಿಲ್ಲದ ಸಾಮಾನ್ಯ ಸೈಕಲ್ಲಿನ ಪೆಡಲನ್ನು ಒಂದು ಸುತ್ತು ತುಳಿದರೆ ಅದು ಸುಮಾರು 5 ಮೀಟರ್ ಮುಂದೆ ಹೋಗುತ್ತದೆ. ಬಯಲಿನಲ್ಲಿ ಅದು ಸರಿ; ಚೀಲ ಹೊತ್ತು ಏರು ಹತ್ತುವಾಗ ಮೊಣಕಾಲಿಗೆ ಅದೇ ಹೊರೆ. ಪೆಡಲಿನ ಬಳಿಯ ಹಲ್ಲುಚಕ್ರದಲ್ಲಿ 30 ಹಲ್ಲು, ಹಿಂಗಾಲಿಯ ಅತಿ ದೊಡ್ಡ ಹಲ್ಲುಚಕ್ರದಲ್ಲಿ 34 ಹಲ್ಲು ಇರುವ ಗೇರ್ ಸೈಕಲ್ ಒಂದು ಸುತ್ತಿಗೆ 2 ಮೀಟರಿಗಿಂತಲೂ ಕಡಿಮೆ ಸಾಗುತ್ತದೆ. ವೇಗ ಕಡಿಮೆಯಾದರೂ ಇಳಿದು ತಳ್ಳುವ ಪ್ರಸಂಗ ಬರುವುದಿಲ್ಲ. ಹಲ್ಲುಗಳನ್ನು ಎಣಿಸಿಯೇ ಸೈಕಲ್ ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ. ಟಯರ್ 35 ಮಿ.ಮೀ. ಆಸುಪಾಸಿನ ಅಗಲದ್ದಾಗಿದ್ದರೆ ಕಿತ್ತುಹೋದ ಡಾಂಬರಿನ ಮೇಲೂ ಧೈರ್ಯವಾಗಿ ಹೋಗಬಹುದು.

ಬಿಡಿಭಾಗಗಳ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ದಾರಿಯ ಊರುಗಳ ಸೈಕಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಹಳೆಯ ಮಾದರಿಯ ಸೈಕಲ್ಲುಗಳ ಟ್ಯೂಬ್ ಮತ್ತು ವಾಲ್ವ್. ಗೇರ್ ಸೈಕಲ್ಲಿನ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಅಲ್ಲಿಯ ಪಂಪು ಕೂಡುವುದಿಲ್ಲ. ಆದ್ದರಿಂದ ನಿಮ್ಮ ಚಕ್ರದ ಅಳತೆಯ ಎರಡು ಟ್ಯೂಬ್, ಪಂಕ್ಚರ್ ಸಾಮಗ್ರಿ, ಕೈಪಂಪು, ವಾಲ್ವಿಗೆ ಹಾಕುವ ಅಡಾಪ್ಟರ್, ಚೈನಿನ ಒಂದು ಜೋಡುಕೊಂಡಿ, ಒಂದು ಜೊತೆ ಬ್ರೇಕ್ ರಬ್ಬರು ಚೀಲದಲ್ಲಿ ಇರಲೇಬೇಕು. ಎಲ್ಲ ಸೇರಿ ಸಾಮಾನು 8 ಕಿಲೋ ದಾಟದಿರಲಿ, ಬೆನ್ನ ಮೇಲೆ ಹೊರದೆ ಕ್ಯಾರಿಯರಿನ ಎರಡೂ ಬದಿಗೆ ತಗ್ಗಿನಲ್ಲಿ ಕಟ್ಟಿ.

ಹೊರಡುವ ಮೊದಲು ಮೂರು ನಾಲ್ಕು ವಾರ ಅಭ್ಯಾಸ ಬೇಕು. ಹುಬ್ಬಳ್ಳಿಯವರಿಗೆ ಉಣಕಲ್ಲಿನ ನೃಪತುಂಗ ಬೆಟ್ಟ, ಗದಗಿನವರಿಗೆ ಕಪ್ಪತಗುಡ್ಡದ ಸುತ್ತಲಿನ ರಸ್ತೆಗಳಿವೆ. ಪ್ರವಾಸಕ್ಕೆ ಒಯ್ಯುವಷ್ಟೇ ಭಾರ ಕಟ್ಟಿಕೊಂಡು ಅಭ್ಯಾಸ ಮಾಡಿದರೆ ಮಾತ್ರ ಅದಕ್ಕೆ ಅರ್ಥವಿದೆ. ಬರಿ ಸೈಕಲ್ಲಿನ ಅಭ್ಯಾಸ ಹುಸಿ ಧೈರ್ಯ ಕೊಡುತ್ತದೆ.

ದಾರಿಯನ್ನು ನಾಲ್ಕು ದಿನಗಳಿಗೆ ಹಂಚಿಕೊಳ್ಳಿ. ಮೊದಲ ದಿನ ಬೆಳಗು ಹರಿಯುತ್ತಲೇ ಹೊರಟರೆ ಮಧ್ಯಾಹ್ನದೊಳಗೆ ಮುಂಡಗೋಡ ತಲುಪಬಹುದು. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ನರ ಶಿಬಿರವನ್ನು ಸಂಜೆ ನೋಡಿಬನ್ನಿ. ಎರಡನೆಯ ದಿನ ಶಿರಸಿಯವರೆಗೆ ಸಣ್ಣ ಏರುಗಳು ಮುಗಿಯುವುದೇ ಇಲ್ಲ, ಆದರೆ ನೆರಳು ಹೆಚ್ಚು. ತಾಸಿಗೊಮ್ಮೆ ಏನಾದರೂ ತಿನ್ನಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಬಾಳೆಹಣ್ಣು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತವೆ. ಹಸಿವಾಗುವವರೆಗೆ ಕಾಯ್ದರೆ ಕಾಲು ಆಗಲೇ ಸೋತಿರುತ್ತದೆ. ದಣಿವಾರಿಸಿಕೊಳ್ಳಲು ಕಾಡಿನ ತರಗೆಲೆಯ ಮೇಲೆ ಕೂಡಬೇಡಿ. ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇವರೆಗೆ ಈ ಮಲೆನಾಡಿನ ಕಾಡುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬಸ್ ತಂಗುದಾಣದ ಕಟ್ಟೆಯೇ ಕ್ಷೇಮ.

ಮೂರನೆಯ ದಿನ ಘಟ್ಟ. ಶಿರಸಿಯಲ್ಲಿಯೇ ಬ್ರೇಕ್ ರಬ್ಬರು, ವೈರುಗಳನ್ನು ಪರೀಕ್ಷಿಸಿಕೊಂಡು, ಮಂಜು ಸರಿದ ಮೇಲೆ ಹೊರಡಿ. ರಾಗಿಹೊಸಳ್ಳಿ ದಾಟಿದ ಮೇಲೆ ರಸ್ತೆ ಕೆಳಮುಖವಾಗುತ್ತದೆ. ಬ್ರೇಕನ್ನು ಸತತವಾಗಿ ಹಿಡಿದುಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯವಿದೆ. ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕ್ ಸಡಿಲಿಸಿ, ಎಡಬದಿಯನ್ನು ಬಿಡದೆ ಸಾಗಿ. ಹತ್ತಿ ಬರುವ ಬಸ್ಸುಗಳು ತಿರುವಿನಲ್ಲಿ ರಸ್ತೆಯ ಪೂರ್ತಿ ಅಗಲವನ್ನು ಬಳಸುತ್ತವೆ. ನಡುನಡುವೆ ನಿಂತು ರಿಮ್ ಮುಟ್ಟಿ ನೋಡಿ, ಬೆರಳು ಸುಟ್ಟರೆ ಹತ್ತು ನಿಮಿಷ ವಿರಮಿಸಿ. ಕತಗಾಲಕ್ಕೆ ಬರುವಷ್ಟರಲ್ಲಿ ಗಾಳಿಯೇ ಬದಲಾಗಿರುತ್ತದೆ, ಬೆವರು ಆರುವುದಿಲ್ಲ. ಬರಿ ನೀರು ಕುಡಿಯುವುದರ ಬದಲು ಉಪ್ಪು ಬೆರೆತ ಮುರುಗಲ ಪಾನಕ ಅಥವಾ ಮಜ್ಜಿಗೆ ಕುಡಿಯಿರಿ.

ನಾಲ್ಕನೆಯ ದಿನ ಗೋಕರ್ಣಕ್ಕೆ ಹೆದ್ದಾರಿ ಹಿಡಿಯದೆ, ಕುಮಟಾದಿಂದ ಅಘನಾಶಿನಿ ಗ್ರಾಮಕ್ಕೆ ಹೋಗಿ ಅಲ್ಲಿಂದ ದೋಣಿಯಲ್ಲಿ ಸೈಕಲ್ ಸಮೇತ ತದಡಿಗೆ ದಾಟಿ. ಅಳಿವೆಯಲ್ಲಿ ಚಿಪ್ಪು ಆಯುವವರನ್ನೂ ತದಡಿಯ ಮೀನುಗಾರಿಕೆ ಬಂದರನ್ನೂ ಕಾಣಬಹುದು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು.

ಮರಳುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳಬೇಕು, ಏಕೆಂದರೆ ಹಿಂದಿರುಗುವಾಗ ಘಟ್ಟವೂ ಮೂಡಗಾಳಿಯೂ ಎದುರಾಗುತ್ತವೆ. ಮೊದಲ ಸಲಕ್ಕೆ ಬಸ್ಸೇ ಸರಿ. ಎರಡೂ ಚಕ್ರ ಬಿಚ್ಚಿ, ಪೆಡಲ್ ಕಳಚಿ, ಹಳೆಯ ಹೊದಿಕೆಯಲ್ಲಿ ಸುತ್ತಿದರೆ ಲಗೇಜ್ ಶುಲ್ಕ ಪಡೆದು ಒಯ್ಯುವಂತೆ ನಿರ್ವಾಹಕರನ್ನು ಕೇಳಿಕೊಳ್ಳಬಹುದು. ಜನಸಂದಣಿಯಿಲ್ಲದ ಬೆಳಗಿನ ಬಸ್ಸು ಇದಕ್ಕೆ ಅನುಕೂಲ. ರೈಲಿನಲ್ಲಿ ತರುವುದಾದರೆ ಮಡಗಾಂವಿಗೆ ಹೋಗಿ, ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ನೋಂದಾಯಿಸಿ, ಲೋಂಡಾ ಮಾರ್ಗವಾಗಿ ಹುಬ್ಬಳ್ಳಿಗೆ ಬರಬಹುದು. ಮನೆಗೆ ಬಂದ ದಿನವೇ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಕಡಲಿನ ಉಪ್ಪು ಒಂದೆರಡು ದಿನಗಳಲ್ಲೇ ಚೈನಿಗೆ ತುಕ್ಕು ಹಿಡಿಸುತ್ತದೆ.