ಟ್ರೈಲರ್ ಮಾಡಿನ ಸೋರಿಕೆ: ಮುಚ್ಚುವ ಮೊದಲು ಒಣಗಿಸಬೇಕು

ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಕ್ಯಾಂಪಿಂಗ್ ಟ್ರೈಲರ್ ನಿಲ್ಲಿಸಿಕೊಂಡವರು ಆರಿದ್ರಾ ಮಳೆ ಹಿಡಿದಾಗ ಸಂದು ಮುಚ್ಚುವ ಅಂಟಿನ, ಅಂದರೆ ಸೀಲಂಟ್‌ನ, ಟ್ಯೂಬ್ ಹುಡುಕಿಕೊಂಡು ಓಡುತ್ತಾರೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ, ಆ ಹೊತ್ತಿನಲ್ಲಿ ಮಾಡುವ ತೇಪೆ ನಿಲ್ಲುವುದಿಲ್ಲ. ಸೋರುವ ಜಾಗ ಮುಚ್ಚಲು ಅರ್ಧ ದಿನ ಸಾಕು, ಒಳಗಿನ ಪ್ಲೈವುಡ್ ಒಣಗಲು ವಾರಗಟ್ಟಲೆ ಬೇಕು. ಹಸಿ ಇರುವಾಗಲೇ ಮೇಲಿಂದ ಮುಚ್ಚಿದರೆ ತೇವ ಒಳಗೇ ಸಿಕ್ಕಿಬಿದ್ದು ಮರ ಲಡ್ಡಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ನಾನು ಬ್ಯುಟೈಲ್ ಎಂಬ ಮೆದು ರಬ್ಬರಿನ ಅಂಟುಪಟ್ಟಿ ಅಂಟಿಸಿ ತಾತ್ಕಾಲಿಕವಾಗಿ ನೀರು ತಡೆಯುತ್ತೇನೆ, ಅಷ್ಟೇ. ನಿಜವಾದ ಕೆಲಸ ದೀಪಾವಳಿ ಕಳೆದ ಮೇಲೆ.

ಮೊದಲು ಒಳಗೆ ಕಂಡ ತೇವ ಸೋರಿಕೆಯೋ ಇಬ್ಬನಿಯೋ ಎಂದು ತಿಳಿಯಬೇಕು. ಬೆಳಗಿನ ಜಾವ ಅಲ್ಯೂಮಿನಿಯಂ ಚೌಕಟ್ಟಿನ ಉದ್ದಕ್ಕೂ, ಸ್ಕ್ರೂ ತಲೆಗಳ ಮೇಲೂ ಸಮನಾಗಿ ಹನಿ ಕಟ್ಟಿದರೆ ಅದು ಒಳಗಿನ ಉಸಿರು, ಅಡುಗೆಯ ಹಬೆ. ಗಾಳಿ ಆಡಲು ಬಿಟ್ಟರೆ ಕಡಿಮೆಯಾಗುತ್ತದೆ. ಮಳೆಯಾದ ಮೇಲೆ ಒಂದೇ ಮೂಲೆ ಒದ್ದೆಯಾದರೆ ಸೋರಿಕೆ. ತೇವ ಅಳೆಯಲು ಸೂಜಿ ಇರುವ ಮೀಟರನ್ನೇ ಕೊಳ್ಳಿ. ಸೂಜಿ ಇಲ್ಲದವು ಅಲ್ಯೂಮಿನಿಯಂ ಹತ್ತಿರ ಬಂದಾಗ ತಪ್ಪು ಅಂಕಿ ಕೊಡುತ್ತವೆ. ತೇವ 12 ಶೇಕಡಾ ಇದ್ದರೆ ಮರ ಒಣಗಿದೆ ಎಂಬ ಬಯಲುಸೀಮೆಯವರ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಒಣ ಮರವೂ 18ರ ಆಸುಪಾಸು ಇರುತ್ತದೆ. ನೀರು ತಾಗದ ಒಳಬೀರುವಿನ ಹಲಗೆಯನ್ನು ಅಳೆದಿಟ್ಟುಕೊಂಡು ಅದಕ್ಕೆ ಹೋಲಿಸಿ. ಬೀರು 18, ಮೂಲೆ 26 ತೋರಿಸಿದರೆ ನೀರು ಅಲ್ಲಿಗೆ ಬರುತ್ತಿದೆ.

ಕಲೆ ಕಂಡ ಜಾಗದ ನೆತ್ತಿಯಲ್ಲೇ ತೂತು ಇರುವುದು ಅಪರೂಪ. ನೀರು ಚೌಕಟ್ಟಿನ ರೀಪು ಹಿಡಿದು ಇಳಿಜಾರಿನತ್ತ ಅಡಿಗಟ್ಟಲೆ ಹರಿದು, ಅಡ್ಡ ಕಟ್ಟಿಗೆ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಪೈಪಿನಿಂದ ಒತ್ತಡವಿಲ್ಲದೆ ನೀರು ಬಿಡಿ. ಕೆಳಗಿನ ಕಿಟಕಿಯ ಅಂಚಿನಿಂದ ಶುರುಮಾಡಿ, ಒಂದೊಂದು ಜಾಗದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಆಮೇಲಷ್ಟೇ ಮೇಲೆ ಏರಿ. ಮೊದಲೇ ಮಾಡಿನ ಮೇಲೆ ಸುರಿದರೆ ನೀರು ಎಲ್ಲ ಕಡೆ ಇಳಿದು ಏನೂ ತಿಳಿಯುವುದಿಲ್ಲ. ಹೆಚ್ಚಾಗಿ ಸಿಕ್ಕಿಬೀಳುವುದು ಮಾಡಿನ ಗಾಳಿಕಿಂಡಿಯ (ವೆಂಟ್) ಸುತ್ತಲ ಅಂಚು, ಮೂಲೆಯ ಅಲ್ಯೂಮಿನಿಯಂ ಪಟ್ಟಿ, ಆಂಟೆನಾದ ಬುಡ.

ಜಾಗ ಸಿಕ್ಕಿತೆಂದು ಟ್ಯೂಬ್ ಹಿಂಡಬೇಡಿ. ಒಳಗಿನ ಹಲಗೆಯನ್ನು ಒದ್ದೆ ಮುಗಿದಲ್ಲಿಂದ ಒಂದು ಅಡಿ ಆಚೆಗೂ ಬಿಚ್ಚಿ. ಶಾಖ ತಡೆಯಲು ತುಂಬಿದ ಗ್ಲಾಸ್‌ವುಲ್ ನೆನೆದಿದ್ದರೆ ತೆಗೆದು ಎಸೆಯಿರಿ. ಬೂಷ್ಟು ಇದ್ದರೆ ಎನ್95 ಮಾಸ್ಕ್ ಹಾಕದೆ ಮುಟ್ಟಬೇಡಿ. ಫ್ಯಾನ್ ಗಾಳಿ ಹಲಗೆಯ ಮೇಲೆ ಅಡ್ಡಲಾಗಿ ಸಾಗಲಿ. ಗಾಳಿಯ ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಇಟ್ಟರೆ ಕಿಟಕಿ, ವೆಂಟ್ ಎಲ್ಲ ಮುಚ್ಚಿ. ತೆರೆದಿಟ್ಟರೆ ಅದು ಹೊರಗಿನ ಹವೆಯನ್ನೇ ಒಣಗಿಸುತ್ತಿರುತ್ತದೆ. ಮೀಟರ್ ಅಂಕಿ ಬೀರುವಿನ ಅಂಕಿಗೆ ಇಳಿದು ವಾರವಿಡೀ ಅಲ್ಲೇ ನಿಲ್ಲಬೇಕು. ಮೇಲ್ಮೈ ಬೇಗ ಒಣಗಿ, ಒಳಪದರದ ತೇವ ಮತ್ತೆ ಮೇಲೆ ಬರುವುದರಿಂದ ಈ ವಾರ ಕಾಯಲೇಬೇಕು.

ಸ್ಕ್ರೂಡ್ರೈವರ್ ಚುಚ್ಚಿದರೆ ಮೆತ್ತಗೆ ಇಳಿಯುವ ಪ್ಲೈವುಡ್ ಉಳಿಸಲು ಹೋಗಬೇಡಿ. ಗಟ್ಟಿ ಮರ ಸಿಕ್ಕ ಮೇಲೂ ಅರ್ಧ ಅಡಿ ಹೆಚ್ಚು ಕತ್ತರಿಸಿ. ಉಳಿದ ರೀಪುಗಳಿಗೆ ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೊರಾಕ್ಸ್, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಸಲ ಬಳಿದು, ಮತ್ತೆ ಒಣಗಿಸಿ. ಹೊಸ ಹಲಗೆ ಐಎಸ್ 710 (ಭಾರತೀಯ ಮಾನಕ) ಮರೀನ್ ಪ್ಲೈ ಇರಲಿ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಕುಡಿಸದಿದ್ದರೆ ಮರೀನ್ ಪ್ಲೈ ಕೂಡ ಅಂಚಿನಿಂದಲೇ ನೀರು ಹೀರುತ್ತದೆ.

ಈಗ ಮಾಡಿನ ಕೆಲಸ. ಅಂಚಿನ ಪಟ್ಟಿಯನ್ನು ಪೂರ್ತಿ ಬಿಚ್ಚಿ, ಹಳೆಯ ಸೀಲಂಟನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ತೆಗೆಯಿರಿ. ಹಿಂದೆ ಯಾರಾದರೂ ಬಾತ್‌ರೂಮಿನ ಸಿಲಿಕೋನ್ ಬಳಿದಿದ್ದರೆ ಅದರ ತೆಳು ಪೊರೆಯೂ ಉಳಿಯಬಾರದು, ಅದರ ಮೇಲೆ ಮತ್ತೇನೂ ಅಂಟುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅದು ಪೂರ್ತಿ ಆರಲು ಬಿಡಿ. ಕೊನೆಗೆ ಬಳಿಯುವ ಪಾಲಿಯುರೆಥೇನ್ ಸೀಲಂಟ್ ಹಸಿಯಿರುವಾಗ ಅದಕ್ಕೆ ಆಲ್ಕೋಹಾಲ್ ತಾಗಿದರೆ ಅದು ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಪಟ್ಟಿಯ ಅಡಿಗೆ 3 ಮಿ.ಮೀ. ದಪ್ಪದ ಬ್ಯುಟೈಲ್ ಟೇಪ್ ಕೂರಿಸಿ. ಸ್ಕ್ರೂ ಸ್ಟೇನ್‌ಲೆಸ್ ಇರಲಿ, ಹಳೆಯ ತೂತು ಸಡಿಲವಾಗಿದ್ದರೆ ಎಪಾಕ್ಸಿ ತುಂಬಿ ಹೊಸದಾಗಿ ಕೊರೆಯಿರಿ. ಒಮ್ಮೆಲೇ ಬಿಗಿ ಮಾಡಬೇಡಿ. ಮುಕ್ಕಾಲು ಬಿಗಿದು, ಮಾರನೆಯ ದಿನ ಬಿಸಿಲಿಗೆ ಬ್ಯುಟೈಲ್ ಮೆದುವಾದಾಗ ಉಳಿದಷ್ಟು ಬಿಗಿಯಿರಿ. ಹೊರಗೆ ಉಬ್ಬಿದ್ದನ್ನು ಕತ್ತರಿಸಿ, ಅಂಚಿಗೂ ಸ್ಕ್ರೂ ತಲೆಗೂ ಪಾಲಿಯುರೆಥೇನ್ ಎಳೆಯಿರಿ. ನೀರು ತಡೆಯುವುದು ಅಡಿಯ ಬ್ಯುಟೈಲ್, ಮೇಲಿನದು ಅದಕ್ಕೆ ಬಿಸಿಲಿನಿಂದ ರಕ್ಷಣೆ. ಮಾಡಿನ ಹೊದಿಕೆ ಇಪಿಡಿಎಂ ಎಂಬ ರಬ್ಬರ್ ಹಾಳೆಯದಾದರೆ ಅದಕ್ಕೆಂದೇ ಮಾಡಿದ ಲ್ಯಾಪ್ ಸೀಲಂಟ್ ಬೇಕು.

ಒಳಹಲಗೆಯನ್ನು ತಕ್ಷಣ ಮುಚ್ಚದೆ ಒಂದೆರಡು ಮಳೆ ನೋಡಿ. ಏಪ್ರಿಲ್‌ನ ಗುಡುಗು ಮಳೆ ಇದಕ್ಕೆ ಒಳ್ಳೆಯ ಪರೀಕ್ಷೆ, ಗಾಳಿಗೆ ನೀರು ಅಡ್ಡ ಹೊಡೆಯುತ್ತದೆ.

ಮಳೆಗಾಲಕ್ಕೆ ಟಾರ್ಪಾಲು ಬಿಗಿದು ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಗಾಳಿಗೆ ಉಜ್ಜಿ ಸೀಲಂಟ್ ಸವೆಯುತ್ತದೆ, ಅಡಿಯಲ್ಲಿ ತೇವ ನಿಲ್ಲುತ್ತದೆ. ಟ್ರೈಲರ್‌ಗಿಂತ ಎರಡು ಅಡಿ ಎತ್ತರಕ್ಕೆ ತಗಡಿನ ಶೆಡ್ ಕಟ್ಟಿ, ಪಕ್ಕಗಳನ್ನು ತೆರೆದಿಡಿ. ಜಾಗ ತೋಟದೊಳಗೆ ಬೇಡ: ಅಡಿಕೆಯ ಹಾಳೆ, ಸೋಗೆ ಬಿದ್ದು, ನೀರು ಹರಿಯುವ ತಗಡಿನ ದೋಣಿ ಕಟ್ಟಿಕೊಂಡರೆ ನೀರು ಉಕ್ಕಿ ನೇರ ಟ್ರೈಲರ್ ಗೋಡೆಗೇ ಸುರಿಯುತ್ತದೆ. ಮೂತಿಯ ಜಾಕ್ ಇಳಿಸಿ ಮುಂಭಾಗ ಒಂದೆರಡು ಇಂಚು ತಗ್ಗಿಸಿಟ್ಟರೆ, ಎರಚಲು ಬಿದ್ದರೂ ಮಾಡಿನ ಮೇಲೆ ನೀರು ನಿಲ್ಲದೆ ಮುಂದಕ್ಕೆ ಇಳಿದುಹೋಗುತ್ತದೆ.